ಮುಳುಗಿಸುವುದೋ, ಹೊಯ್ಯುವುದೋ?

ಕ್ರೈಸ್ತರ ಬಹುತೇಕ ಪಂಥಗಳಲ್ಲಿ ಸಭೆಯೊಳಗೆ ಪ್ರವೇಶ ನೀರಿನ ಮೂಲಕವೇ. ಆದರೆ ಆ ನೀರು ಎಷ್ಟಿರಬೇಕು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಗ್ರೀಕ್ ಆರ್ಥೊಡಾಕ್ಸ್ ಸಭೆಯಲ್ಲಿ ಹಸುಗೂಸನ್ನೂ ಮೂರು ಸಲ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ರೋಮನ್ ಕೆಥೋಲಿಕರಲ್ಲಿ ತಲೆಯ ಮೇಲೆ ನೀರು ಹೊಯ್ಯುವುದು ರೂಢಿ. ಬ್ಯಾಪ್ಟಿಸ್ಟರಾದರೋ ಮಕ್ಕಳಿಗೆ ದೀಕ್ಷೆ ಕೊಡುವುದಿಲ್ಲ. ತಾನಾಗಿ ನಂಬಿಕೆಯನ್ನು ಒಪ್ಪಿಕೊಂಡವರನ್ನು ಪೂರ್ತಿ ಮುಳುಗಿಸುತ್ತಾರೆ.

ವಾದದ ಬೇರು ಇರುವುದು ‘ಬಾಪ್ಟಿಜೊ’ ಎಂಬ ಗ್ರೀಕ್ ಕ್ರಿಯಾಪದದಲ್ಲಿ. ಅದರ ಮೂಲಾರ್ಥ ಅದ್ದು, ಮುಳುಗಿಸು. ದೀಕ್ಷೆಯೆಂದರೆ ಕ್ರಿಸ್ತನೊಡನೆ ಹೂಳಲ್ಪಟ್ಟು ಹೊಸ ಬಾಳಿಗೆ ಏಳುವುದು ಎಂದು ರೋಮಿನವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುತ್ತಾನೆ. ನೀರಲ್ಲಿ ಮುಳುಗೇಳುವುದೇ ಇದಕ್ಕೆ ತಕ್ಕ ಸಂಕೇತ ಎಂಬುದು ಒಂದು ಪಕ್ಷ. ಹೊಸ ಒಡಂಬಡಿಕೆಯಲ್ಲಿ ಊಟಕ್ಕೆ ಮುಂಚಿನ ಶುದ್ಧೀಕರಣಕ್ಕೂ ಇದೇ ಪದ ಬಳಕೆಯಾಗಿದೆ, ಆದ್ದರಿಂದ ಮುಳುಗಿಸಲೇಬೇಕೆಂದಿಲ್ಲ ಎಂಬುದು ಇನ್ನೊಂದು ಪಕ್ಷ.

ಆದಿ ಕ್ರೈಸ್ತರ ‘ದಿದಾಖೆ’ ಎಂಬ ಕೈಪಿಡಿ ಈ ಎರಡಕ್ಕೂ ಎಡೆಕೊಟ್ಟಿದೆ. ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಅಷ್ಟು ನೀರೇ ಸಿಗದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರೆ ಸಾಕು. ಇದರ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ್ದು 1873ರಲ್ಲಿ. ಅಷ್ಟರಲ್ಲಿ ಜಗಳ ಬಹುದೂರ ಸಾಗಿತ್ತು.

ಆ ಜಗಳದ ಒಂದು ಮುಖ್ಯ ಅಧ್ಯಾಯ ನಡೆದದ್ದು ಬಂಗಾಳದಲ್ಲಿ. ಅಮೆರಿಕದ ಅಡೊನಿರಾಮ್ ಜಡ್ಸನ್ ಮಕ್ಕಳಿಗೂ ದೀಕ್ಷೆ ಕೊಡುವ ಕಾಂಗ್ರಿಗೇಷನಲ್ ಪಂಥದವರು. 1812ರಲ್ಲಿ ಭಾರತಕ್ಕೆ ಹೊರಟಾಗ, ಶ್ರೀರಾಂಪುರದಲ್ಲಿದ್ದ ವಿಲಿಯಂ ಕೇರಿಯವರ ಬ್ಯಾಪ್ಟಿಸ್ಟ್ ತಂಡಕ್ಕೆ ಉತ್ತರ ಕೊಡಬೇಕಾದೀತೆಂದು ಹಡಗಿನಲ್ಲೇ ಶಾಸ್ತ್ರ ಪರಿಶೀಲನೆಗೆ ಕುಳಿತರು. ಓದುತ್ತ ಓದುತ್ತ ಎದುರು ಪಕ್ಷವೇ ಸರಿ ಎನಿಸಿತು. ಅದೇ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮುಳುಗಿ ದೀಕ್ಷೆ ಪಡೆದರು. ಪರದೇಶದಲ್ಲಿ ಆಸರೆಯಾಗಿದ್ದ ತಮ್ಮ ಸಂಸ್ಥೆಯ ಸಂಬಂಧವನ್ನು ಅದಕ್ಕಾಗಿ ಕಡಿದುಕೊಂಡರು.

ಎರಡು ದಶಕಗಳ ನಂತರ ಬಂಗಾಳಿ ಹೊಸ ಒಡಂಬಡಿಕೆಯ ಬ್ಯಾಪ್ಟಿಸ್ಟ್ ಅನುವಾದಕರು ಆ ಗ್ರೀಕ್ ಪದಕ್ಕೆ ‘ಮುಳುಗಿಸು’ ಎಂಬರ್ಥದ ಪದವನ್ನೇ ಇಟ್ಟರು. ಲಂಡನ್ನಿನ ಬೈಬಲ್ ಸೊಸೈಟಿ ಹಣ ಕೊಡಲು ಒಪ್ಪಲಿಲ್ಲ. ಅಮೆರಿಕದ ಸೊಸೈಟಿಯೂ ಹಾಗೆಯೇ ನಡೆದುಕೊಂಡಿತು. ಬ್ಯಾಪ್ಟಿಸ್ಟರು ಅಮೆರಿಕದಲ್ಲಿ 1836ರಲ್ಲಿ, ಇಂಗ್ಲೆಂಡಿನಲ್ಲಿ 1840ರಲ್ಲಿ ಪ್ರತ್ಯೇಕ ಸಂಸ್ಥೆಗಳನ್ನೇ ಕಟ್ಟಿಕೊಂಡರು. ಒಂದು ಕ್ರಿಯಾಪದ ಎರಡು ಖಂಡಗಳಲ್ಲಿ ಮನೆ ಒಡೆದಿತ್ತು.

ಕನ್ನಡ ಬೈಬಲಿನ ಪದ ‘ದೀಕ್ಷಾಸ್ನಾನ’. ಹೊಳೆಯಲ್ಲಿ ಮುಳುಗೆದ್ದರೂ ಕನ್ನಡಿಗರಿಗೆ ಅದು ಸ್ನಾನವೇ, ಬಚ್ಚಲಲ್ಲಿ ತಂಬಿಗೆಯಿಂದ ಹೊಯ್ದುಕೊಂಡರೂ ಸ್ನಾನವೇ. ಬಂಗಾಳಿ ಅನುವಾದಕರು ಬಿಡಿಸಲೇಬೇಕೆಂದು ಹೊರಟ ಒಗಟನ್ನು ಈ ಪದ ಬಿಡಿಸದೆಯೇ ಇಟ್ಟಿದೆ. ಎರಡು ಪಕ್ಷದವರೂ ಅದನ್ನು ಓದಬಲ್ಲರು.