ಕಿವಿತಮಟೆಯ ಕಸಿವಸ್ತುಗಳು

ತೂತುಬಿದ್ದ ಕಿವಿತಮಟೆಯನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಲು ಬಳಸುವ ಅಂಗಾಂಶಗಳು. ತಮಟೆಯನ್ನಷ್ಟೇ ಸರಿಪಡಿಸಿದರೆ ಮಿರಿಂಗೋಪ್ಲಾಸ್ಟಿ. ನಡುಗಿವಿಯ ರೋಗವನ್ನೂ ಪುಟ್ಟ ಮೂಳೆಗಳನ್ನೂ ನೋಡಿಕೊಂಡರೆ ಟಿಂಪನೋಪ್ಲಾಸ್ಟಿ. ಸುಮಾರು 0.1 ಮಿ.ಮೀ. ದಪ್ಪದ ಈ ಪೊರೆ ಏಟಿನಿಂದ ಹರಿದರೆ ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಸೋರಿ, ಅಂಚು ಗಟ್ಟಿಯಾದ ತೂತಿಗೆ ಕಸಿಯೇ ಬೇಕು.

ಕಸಿ ಹಾಕಿದ ತುಣುಕು ಹೊಸ ಪೊರೆ ಹಬ್ಬಲು ಆಸರೆ. ವೈದ್ಯರು ತೂತಿನ ಅಂಚನ್ನು ಕೆರೆದು ಹಸಿಯಾಗಿಸಿ, ಸಾಮಾನ್ಯವಾಗಿ ತಮಟೆಯ ಒಳಮಗ್ಗುಲಿಗೆ ಕಸಿಯನ್ನು ಸೇರಿಸಿ, ಕೆಳಗೆ ಕರಗುವ ಜೆಲಾಟಿನ್ ಸ್ಪಂಜು ತುಂಬುತ್ತಾರೆ. ಹೊರಗಿನಿಂದ ಚರ್ಮ, ಒಳಗಿನಿಂದ ಲೋಳೆಪೊರೆ ಅದರ ಮೇಲೆ ಹಬ್ಬಿಕೊಳ್ಳುತ್ತವೆ.

1640ರಲ್ಲಿ ವೈದ್ಯ ಮಾರ್ಕಸ್ ಬ್ಯಾಂಜರ್ ಹಂದಿಯ ಮೂತ್ರಕೋಶದ ಪೊರೆಯಿಂದ ತೂತು ಮುಚ್ಚುವ ಉಪಾಯ ಹೇಳಿದ್ದ. 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಜೋಲ್ನರ್ ಚರ್ಮದ ಕಸಿಯೊಂದಿಗೆ ಟಿಂಪನೋಪ್ಲಾಸ್ಟಿಗೆ ಬುನಾದಿ ಹಾಕಿದರು. ಆದರೆ ಚರ್ಮ ಕಿವಿಯೊಳಗೂ ಹೊಟ್ಟು ಉದುರಿಸುತ್ತ ಉರಿಯೂತ ತರುತ್ತಿತ್ತು. ರಕ್ತನಾಳದ ಗೋಡೆಯನ್ನೂ ಬಳಸಿ ನೋಡಲಾಯಿತು. ಕೊನೆಗೆ ನೆಲೆನಿಂತದ್ದು ಕಣತಲೆಯ ಸ್ನಾಯುವಿನ ಹೊದಿಕೆ, ಟೆಂಪೊರಾಲಿಸ್ ಫೇಶಿಯಾ.

ಫೇಶಿಯಾ ಇಷ್ಟು ಜನಪ್ರಿಯವಾದದ್ದಕ್ಕೆ ಬಲವಾದ ಕಾರಣಗಳಿವೆ. ಕಿವಿಯ ಹಿಂದೆ ಹಾಕಿದ ಅದೇ ಗಾಯದಿಂದ ಅದು ಸಿಗುತ್ತದೆ, ಬೇರೆಡೆ ಕೊಯ್ಯಬೇಕಿಲ್ಲ. ತೆಗೆದ ತುಣುಕಿನಿಂದ ಸ್ನಾಯುವಿನ ಎಳೆಗಳನ್ನು ಹೆರೆದು ಒಣಗಲು ಬಿಟ್ಟರೆ ಕಾಗದದಂತೆ ಗರಿಗರಿಯಾಗುತ್ತದೆ. ಬೇಕಾದ ಆಕಾರಕ್ಕೆ ಕತ್ತರಿಸುವುದು ಸುಲಭ. ರಕ್ತ ಪೂರೈಕೆ ಕಡಿಮೆಯಿದ್ದರೂ ಬದುಕುತ್ತದೆ. ಕುಗ್ಗುವುದು, ನಡುಗಿವಿಯ ಗಾಳಿಯೊತ್ತಡ ಇಳಿದಾಗ ಒಳಕ್ಕೆ ಸೆಳೆಯಲ್ಪಡುವುದು ಅದರ ದೌರ್ಬಲ್ಯ.

ಈ ಕೊರತೆಗೆ ಉತ್ತರ ಮೃದ್ವಸ್ಥಿ. ಕಿವಿ ತೂತಿನ ಮುಂದಿನ ಪುಟ್ಟ ಉಬ್ಬಿನಿಂದಲೋ ಹಾಲೆಯ ಬೋಗುಣಿಯಿಂದಲೋ ತೆಗೆದು, ಹಲವರು ಸುಮಾರು 0.5 ಮಿ.ಮೀ.ಗೆ ತೆಳುಗೊಳಿಸುತ್ತಾರೆ. ಗಡುಸಾದ್ದರಿಂದ ಕೇಳುವಿಕೆ ಕುಗ್ಗೀತೆಂಬ ಆತಂಕವಿತ್ತು. ತೆಳುಗೊಳಿಸಿದ ಮೃದ್ವಸ್ಥಿಯಿಂದಲೂ ಫೇಶಿಯಾಕ್ಕೆ ಹೋಲಿಸಬಹುದಾದಷ್ಟು ಕೇಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಆದರೆ ಅದು ಅಪಾರದರ್ಶಕ, ಅದರ ಹಿಂದೆ ರೋಗ ಮರುಕಳಿಸಿದರೆ ಕಾಣದು.

ಸಣ್ಣ ತೂತಿಗೆ ಹಾಲೆಯ ತುದಿಯ ಕೊಬ್ಬಿನ ತುಣುಕು ಸಾಕಾಗುತ್ತದೆ. ಮೃದ್ವಸ್ಥಿಯ ಮೇಲ್ಪೊರೆಯನ್ನೂ ಬಳಸುತ್ತಾರೆ. ಮೃತರ ಮಿದುಳಿನ ಹೊದಿಕೆಯ ಬಳಕೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳುರೋಗ ಹರಡುವ ಭಯದಿಂದ ನಿಂತಿತು.

ಒಣಗಿದ ಕಿವಿಯ ಸಾಧಾರಣ ತೂತಿಗೆ ಫೇಶಿಯಾ ಸಾಕು; ತಮಟೆ ಪೂರ್ತಿ ಹೋಗಿದ್ದರೆ, ಮೊದಲ ಕಸಿ ಸೋತಿದ್ದರೆ, ನಡುಗಿವಿಗೆ ಗಾಳಿ ಒದಗಿಸುವ ಯೂಸ್ಟೇಶಿಯನ್ ನಾಳ ಕೆಟ್ಟಿದ್ದರೆ ಮೃದ್ವಸ್ಥಿಯೇ ಮೇಲು. ಕಸಿಯಾದ ಮೇಲೆ ವೈದ್ಯರು ಹೇಳುವವರೆಗೆ ಕಿವಿಗೆ ನೀರು ತಾಗಿಸಬೇಡಿ, ಮೂಗು ಜೋರಾಗಿ ಸೀಟಬೇಡಿ. ಸೋರುವ ಕಿವಿಗೆ ಕಾಯಿಸಿದ ಎಣ್ಣೆಯನ್ನಂತೂ ಎಂದೂ ಹಾಕಬೇಡಿ.