ಮೇಜು, ಕುರ್ಚಿ ಮತ್ತು ಮೈ

ಕೂತು ಮಾಡುವ ಕೆಲಸವೂ ಮೈ ಕೆಡಿಸುತ್ತದೆ ಎಂಬುದು ಹಳೆಯ ಅರಿವು. ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಜಿನಿ 1713ರಲ್ಲೇ ಗುಮಾಸ್ತರ ಬೇನೆಗೆ ಕಾರಣ ಗುರುತಿಸಿದ್ದ: ಎಡೆಬಿಡದ ಕೂರಿಕೆ, ಕೈಯ ಒಂದೇ ಬಗೆಯ ಚಲನೆ, ಮನಸ್ಸಿನ ಒತ್ತಡ.

ಮನೆಯಲ್ಲೇ ಕೂತು ಕೆಲಸ ಮಾಡುವವರು ಇಂಥ ಬೇನೆ ತಪ್ಪಿಸಲು ಮೊದಲು ನೋಡಬೇಕಾದ್ದು ಕುರ್ಚಿ. ಪಾದ ನೆಲಕ್ಕೆ ಊರಿರಬೇಕು, ಸೊಂಟಕ್ಕೆ ಆನಿಕೆ ಸಿಗಬೇಕು, ಮೊಣಕೈ ಸುಮಾರು 90 ಡಿಗ್ರಿ ಬಾಗಿರಬೇಕು. ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ, ಕುಳ್ಳಗಿರುವವರು ಅಲ್ಲಿ ಟೈಪ್ ಮಾಡಿದರೆ ಭುಜ ಕಿವಿಯತ್ತ ಏರುತ್ತದೆ. ಕುರ್ಚಿಗೆ ದಿಂಬು, ಕಾಲಡಿಗೆ ಮಣೆ ಹಾಕಿಕೊಂಡರೆ ಸರಿಹೋಗುತ್ತದೆ.

ದೊಡ್ಡ ತೊಡಕು ಲ್ಯಾಪ್‌ಟಾಪ್‌ನದು. ಪರದೆ, ಕೀಬೋರ್ಡ್ ಅಂಟಿಕೊಂಡಿರುವುದರಿಂದ ಕೈಗೆ ಹಿತವಾದ ಎತ್ತರ ಕತ್ತಿಗೆ ಆಗಿಬರುವುದಿಲ್ಲ. ದಪ್ಪ ಪುಸ್ತಕಗಳ ಮೇಲೇರಿಸಿ, ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಜೋಡಿಸುವುದು ಅಗ್ಗದ, ಪಕ್ಕಾ ಪರಿಹಾರ. ಅರ್ಧ ಗಂಟೆಗೊಮ್ಮೆ ಎದ್ದು ನಡೆದಾಡುವುದೂ ಅಷ್ಟೇ ಮುಖ್ಯ. ಕಿಟಕಿ ಪಕ್ಕಕ್ಕಿರಲಿ; ಬೆನ್ನಹಿಂದಿದ್ದರೆ ಬಿಸಿಲು ಪರದೆಯಲ್ಲಿ ಕೋರೈಸಿ ಕಣ್ಣು ದಣಿಯುತ್ತದೆ.