ಟೊಮೆಟೊ ಗಿಡದಲ್ಲಿ ಕಾಯಿ ಕಚ್ಚುವಿಕೆ

ಕಾಯಿ ಕಚ್ಚುವಿಕೆ ಎಂದರೆ ಟೊಮೆಟೊ ಹೂವು ಪರಾಗಸ್ಪರ್ಶಗೊಂಡು ಹೀಚಾಗುವ ಹಂತ. ಗಿಡ ಸೊಂಪಾಗಿ ಬೆಳೆದು, ಹೂ ಬಿಟ್ಟೂ ಕಾಯಿ ಕಚ್ಚದಿರುವುದು ಕೈತೋಟಗಳಲ್ಲಿ ಸಾಮಾನ್ಯ. ಆಗ ಹೂತೊಟ್ಟಿನ ನಡುವಿನ ಗಂಟು ಹಳದಿಗೆ ತಿರುಗುತ್ತದೆ. ಅಲ್ಲಿಂದಲೇ ಹೂ ಕಳಚಿ ಬೀಳುತ್ತದೆ.

ಮುಖ್ಯ ಕಾರಣ ಹವೆ. ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ, ರಾತ್ರಿ 13ಕ್ಕಿಂತ ಇಳಿದರೆ ಅಥವಾ 24ರ ಮೇಲೆಯೇ ನಿಂತರೆ ಪರಾಗ ಸತ್ವಗುಂದುತ್ತದೆ. ಬೇಸಿಗೆಯಲ್ಲಿ ನೆರಳು ಪರದೆ ಕಟ್ಟುವುದು ಇದಕ್ಕಾಗಿ. ಯೂರಿಯಾ ಹೆಚ್ಚಾದರೆ ಗಿಡ ಸೊಕ್ಕಿ ಸೊಪ್ಪಾಗುತ್ತದೆ. ಸೊಪ್ಪು ನೋಡಿ ಹಿಗ್ಗಿ ಮತ್ತಷ್ಟು ಗೊಬ್ಬರ ಸುರಿಯುವವರೇ ಹೆಚ್ಚು! ಬಿಸಿಲು ಕಡಿಮೆಯಾದರೂ, ನೀರು ಒಮ್ಮೆ ಅತಿ ಒಮ್ಮೆ ಇಲ್ಲವೆಂಬಂತಾದರೂ ಹೂ ನಿಲ್ಲದು.

ಇವೆಲ್ಲ ಸರಿಯಿದ್ದರೂ ಪರಾಗ ಉದುರದಿದ್ದರೆ ಕಾಯಿ ಕಚ್ಚದು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳೆರಡೂ ಇವೆ. ಪರಾಗಕೋಶಗಳು ಕೂಡಿ ಹಳದಿ ಕೊಳವೆಯಾಗಿದ್ದು, ಹೂ ಅಲುಗಿದಾಗಷ್ಟೇ ಪರಾಗ ಚೆನ್ನಾಗಿ ಉದುರುತ್ತದೆ. ನೀಲಿಪಟ್ಟೆ ದುಂಬಿ, ಬಡಗಿ ದುಂಬಿಗಳು ಹೂವನ್ನು ಅಪ್ಪಿ ಹಿಡಿದು, ಹಾರಾಟದ ಸ್ನಾಯು ಕಂಪಿಸಿ, ಗುಂಯ್‌ಗುಟ್ಟುತ್ತಾ ಅದನ್ನು ಉದುರಿಸುತ್ತವೆ. ಜೇನ್ನೊಣಕ್ಕೆ ಈ ವಿದ್ಯೆ ಇಲ್ಲ. ಯುರೋಪಿನ ಗಾಜಿನಮನೆಗಳಲ್ಲಿ ಕಂಪಿಸುವ ಕೋಲಿನಿಂದ ಮಾಡುತ್ತಿದ್ದ ಕೆಲಸವನ್ನು 1980ರ ದಶಕದ ಕೊನೆಯಿಂದ ಸಾಕಿದ ಬಂಬಲ್‌ಬೀ ದುಂಬಿಗಳಿಗೆ ವಹಿಸಲಾಯಿತು.

ಗಾಳಿ, ದುಂಬಿ ಸುಳಿಯದ ಬಾಲ್ಕನಿ ಅಥವಾ ತಾರಸಿ ಮೂಲೆಯಲ್ಲಿ ಬೆಳಿಗ್ಗೆ 10ರ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲ ಹಿಂಬದಿಯನ್ನು ಬೆರಳಿನಿಂದ ಮೆಲ್ಲಗೆ ಮಿಡಿದರೂ ಸಾಕು. ಬ್ಯಾಟರಿಚಾಲಿತ ಹಲ್ಲುಜ್ಜುವ ಬ್ರಷ್ಷಿನ ಬೆನ್ನು ತಾಗಿಸಿದರೆ ಪರಾಗ ಹಳದಿ ಹುಡಿಯಾಗಿ ಉದುರುವುದು ಕಣ್ಣಿಗೇ ಕಾಣುತ್ತದೆ.